ಮೂತ್ರದ ಸಸಾರಜನಕವೂ ಪಾರ್ಶ್ವವಾಯುವಿನ ಮುನ್ಸೂಚನೆಯೂ

ಕನ್ನಡ ನುಡಿಯಲ್ಲಿ ಒಂದೊಂದು ಕಾಯಿಲೆಗೆ ಒಂದೊಂದು ಕ್ರಿಯಾಪದವುಂಟು. ಜ್ವರ ಬರುತ್ತದೆ, ನೆಗಡಿ ಆಗುತ್ತದೆ, ಹುಣ್ಣು ಏಳುತ್ತದೆ. ಲಕ್ವ ಮಾತ್ರ ಹೊಡೆಯುತ್ತದೆ. ಸಿಡಿಲಿಗೂ ಇದೇ ಕ್ರಿಯಾಪದ. ಲಕ್ವವೆಂಬುದು ಅರಬ್ಬಿ ಮೂಲದಿಂದ ಬಂದ ಶಬ್ದ. ಆ ಭಾಷೆಯಲ್ಲಿ ಮುಖ ಸೊಟ್ಟಗಾಗುವುದಕ್ಕೆ ಆ ಹೆಸರಿದೆ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದು ಪಕ್ಷಾಘಾತ, ಅಂದರೆ ದೇಹದ ಒಂದು ಪಕ್ಕಕ್ಕೆ ತಗುಲಿದ ಪೆಟ್ಟು. ಇಂಗ್ಲಿಷಿನ ಸ್ಟ್ರೋಕ್ ಎಂಬ ಪದಕ್ಕೂ ಹೊಡೆತವೆಂದೇ ಅರ್ಥ. ಇಷ್ಟು ಭಾಷೆಗಳು ಒಂದೇ ರೂಪಕದಲ್ಲಿ ಒಮ್ಮತಕ್ಕೆ ಬಂದಿರುವುದು ಸೋಜಿಗವೇನಲ್ಲ, ಏಕೆಂದರೆ ನೋಡುವವರ ಕಣ್ಣಿಗೆ ಅದು ಹಾಗೆಯೇ ಕಾಣುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದವನು ಚಹಾದ ಲೋಟ ಎತ್ತುವಾಗ ಕೈ ಸೋಲುತ್ತದೆ, ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಜಾರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದರಲ್ಲ ಎಂದು ಮನೆಯವರು ಹೇಳುತ್ತಾರೆ.

ನಿನ್ನೆಯವರೆಗೆ ಚೆನ್ನಾಗಿದ್ದರೆಂಬುದು ಬಹುಮಟ್ಟಿಗೆ ನಿಜವಲ್ಲ. ಮೆದುಳಿನ ರಕ್ತನಾಳವೊಂದು ಮುಚ್ಚಿಹೋಗುವುದರಿಂದ ಅಥವಾ ಒಡೆಯುವುದರಿಂದ ಪಾರ್ಶ್ವವಾಯು ಸಂಭವಿಸುತ್ತದೆ. ಮುಚ್ಚುವುದು ಹೆಚ್ಚು, ಒಡೆಯುವುದು ಕಡಿಮೆ. ಘಟನೆ ಒಂದು ಕ್ಷಣದ್ದಾದರೂ ಆ ನಾಳದ ಗೋಡೆ ಹತ್ತಿಪ್ಪತ್ತು ವರ್ಷಗಳಿಂದ ಕೆಡುತ್ತಲೇ ಬಂದಿರುತ್ತದೆ. ಆ ಕೆಡುವಿಕೆ ತಲೆಬುರುಡೆಯೊಳಗೆ ನಡೆಯುವುದರಿಂದ ಯಾರ ಕಣ್ಣಿಗೂ ಬೀಳದು. ಆದರೆ ಅದೇ ಬಗೆಯ ಸೂಕ್ಷ್ಮ ನಾಳಗಳು ದೇಹದ ಇನ್ನೊಂದು ಅಂಗದಲ್ಲಿ ತುಂಬಿಕೊಂಡಿವೆ. ಅವು ಕೆಟ್ಟರೆ ಆ ಅಂಗವು ಪ್ರತಿದಿನ ಹೊರಹಾಕುವ ದ್ರವದಲ್ಲಿ ಅದರ ಗುರುತು ಕಾಣುತ್ತದೆ. ಆ ಅಂಗವೇ ಮೂತ್ರಪಿಂಡ. ಆ ಗುರುತೇ ಮೂತ್ರದಲ್ಲಿ ಸೇರಿಬರುವ ಪ್ರೋಟೀನು. ಹಿಂದಿನ ಪಠ್ಯಪುಸ್ತಕಗಳಲ್ಲಿ ಇದನ್ನು ಸಸಾರಜನಕವೆಂದು ಕರೆಯುತ್ತಿದ್ದರು.

ಮೂತ್ರಪಿಂಡದ ಕೆಲಸವನ್ನು ಅರಿಯಲು ಬಂಗೂರನಗರದ ನಿವಾಸಿಗಳಿಗೆ ದೂರದ ಉದಾಹರಣೆ ಬೇಕಾಗಿಲ್ಲ. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತ ಬೆಳೆದ ವಸತಿ ಇದು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರಿನವರು ಕಾಗದದ ಯಂತ್ರವನ್ನು ಬಲ್ಲವರು. ನೂರು ಪಾಲಿನಲ್ಲಿ ತೊಂಬತ್ತೊಂಬತ್ತರಷ್ಟು ನೀರೇ ಇರುವ ತೆಳು ತಿರುಳನ್ನು ಓಡುವ ಜಾಲರಿಯ ಮೇಲೆ ಹರಡಲಾಗುತ್ತದೆ. ಕಾರ್ಖಾನೆಯವರು ಅದನ್ನು ವೈರ್ ಎಂದು ಕರೆಯುತ್ತಾರೆ. ನೀರು ಕೆಳಗಿಳಿಯುತ್ತದೆ, ನಾರು ಮೇಲುಳಿದು ಹಾಳೆಯಾಗುತ್ತದೆ. ಕೆಳಗಿಳಿದ ಬಿಳಿನೀರಿನಲ್ಲಿ ಸ್ವಲ್ಪ ಸಣ್ಣ ನಾರು ಯಾವಾಗಲೂ ಇರುತ್ತದೆ, ಅದು ಸಹಜ. ಆದರೆ ಜಾಲರಿ ಸವೆದರೆ ಅಥವಾ ಹರಿದರೆ ಆ ನೀರಿನಲ್ಲಿ ನಾರಿನ ಪ್ರಮಾಣ ಏರುತ್ತದೆ. ಜಾಲರಿಯನ್ನು ಬಿಚ್ಚಿ ನೋಡದೆಯೇ, ಕೆಳಗಿನ ನೀರನ್ನು ಪರೀಕ್ಷಿಸಿ ಮೇಲಿನ ಸ್ಥಿತಿಯನ್ನು ಊಹಿಸಬಹುದು.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೋಸುಘಟಕಗಳಿವೆ. ಪ್ರತಿಯೊಂದರ ತುದಿಯಲ್ಲಿ ಕೂದಲಿಗಿಂತ ಎಷ್ಟೋ ತೆಳ್ಳಗಿನ ರಕ್ತನಾಳಗಳ ಒಂದು ಉಂಡೆ. ಆ ನಾಳಗಳ ಗೋಡೆಯೇ ಜಾಲರಿ. ಹೃದಯ ಹೊರದೂಡುವ ರಕ್ತದ ಐದನೆಯ ಒಂದು ಭಾಗ ಈ ಎರಡು ಪುಟ್ಟ ಅಂಗಗಳಿಗೆ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರು ದ್ರವ ಸೋಸಲ್ಪಟ್ಟು, ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಹೀರಲ್ಪಟ್ಟು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ರಕ್ತರಸದ ಮುಖ್ಯ ಸಸಾರಜನಕದ ಹೆಸರು ಅಲ್ಬುಮಿನ್. ಬಿಳುಪೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಈ ಹೆಸರು ಮೊದಲು ಮೊಟ್ಟೆಯ ಬಿಳಿಲೋಳೆಗೆ ಸಲ್ಲುತ್ತಿತ್ತು. ಒಂದು ಲೀಟರು ರಕ್ತರಸದಲ್ಲಿ ಇದು ಸುಮಾರು 40 ಗ್ರಾಂ ಇದ್ದರೆ, ಆರೋಗ್ಯವಂತನ ಇಡೀ ದಿನದ ಮೂತ್ರದಲ್ಲಿ 30 ಮಿಲಿಗ್ರಾಂಗಿಂತ ಕಡಿಮೆ. ಒಂದು ಚಿಟಿಕೆ ಉಪ್ಪಿನ ತೂಕಕ್ಕೂ ಅದು ಸಾಲದು. ಇಂಥ ಬಿಗಿಯಾದ ಜಾಲರಿ ಯಾವ ಕಾರ್ಖಾನೆಯಲ್ಲಿಯೂ ಇಲ್ಲ.

ಮೂತ್ರವನ್ನು ನೋಡಿ ರೋಗವನ್ನು ಅರಿಯುವ ಪ್ರಯತ್ನ ಹಳೆಯದು. ಸುಶ್ರುತಸಂಹಿತೆ ಹೇಳುವ ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ನೊರೆಯುಳ್ಳ ಮೂತ್ರದ ಫೇನಮೇಹವೂ ಒಂದು. ಚರಕಸಂಹಿತೆಯ ಪಟ್ಟಿಯಲ್ಲಿ ಜೊಲ್ಲಿನಂತೆ ಎಳೆಯಾಗಿ ಬರುವ ಮೂತ್ರದ ಉಲ್ಲೇಖವಿದೆ. ಗ್ರೀಕರ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಉಳಿದ ಸೂತ್ರಗಳಲ್ಲಿಯೂ ಮೂತ್ರದ ಮೇಲೆ ನಿಲ್ಲುವ ಗುಳ್ಳೆಗಳನ್ನು ಮೂತ್ರಪಿಂಡದ ದೀರ್ಘರೋಗಕ್ಕೆ ಸೂಚನೆಯೆಂದು ಎಣಿಸಲಾಗಿದೆ. ಸಸಾರಜನಕವು ಮೂತ್ರದಲ್ಲಿ ಹೆಚ್ಚಾದಾಗ ಆರದ ನೊರೆ ಏಳುವುದು ಹೌದು. ಆದುದರಿಂದ ಪ್ರಾಚೀನರು ಅಲ್ಬುಮಿನ್ನನ್ನು ಬಲ್ಲವರಾಗಿದ್ದರೆಂದು ಹಟ ಹಿಡಿಯುವವರೂ ಇದ್ದಾರೆ. ಅದು ಪಾಂಡಿತ್ಯವಲ್ಲ, ಅಭಿಮಾನ. ಅವರು ನೊರೆಯನ್ನು ಕಂಡರು, ಕಂಡುದನ್ನು ಗುರುತಿಸಿಟ್ಟರು. ಅಷ್ಟೇ ಅವರಿಗೆ ಸಲ್ಲಬೇಕಾದ ಗೌರವ, ಅದು ಸಣ್ಣದೂ ಅಲ್ಲ.

ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಕೊಟುನ್ಯೊ ಎಂಬ ವೈದ್ಯನು ಊತದ ರೋಗಿಯೊಬ್ಬನ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಗೊಂಡಿತು. ಇದರ ಮಹತ್ವವನ್ನು ಪೂರ್ಣವಾಗಿ ಅರಿತವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಚಮಚದಲ್ಲಿ ಮೂತ್ರವನ್ನು ಹಾಕಿ ಮೇಣದಬತ್ತಿಯ ಮೇಲೆ ಹಿಡಿಯುವುದು ಅವನ ಪರೀಕ್ಷೆ. ಹೆಪ್ಪುಗಟ್ಟಿದ ಮೂತ್ರವುಳ್ಳ ರೋಗಿಗಳು ಸತ್ತ ಬಳಿಕ ಅವರ ಮೂತ್ರಪಿಂಡಗಳನ್ನು ಪರಿಶೀಲಿಸಿ, ಅವು ಕೆಟ್ಟಿರುವುದನ್ನು 1827ರಲ್ಲಿ ಪ್ರಕಟಿಸಿದನು. ಅದೇ ಗ್ರಂಥದ ಎರಡನೆಯ ಸಂಪುಟ 1831ರಲ್ಲಿ ಹೊರಬಂದಿತು. ಅದರ ವಿಷಯ ಮೆದುಳು ಮತ್ತು ನರಗಳ ರೋಗಗಳು. ಒಬ್ಬನೇ ವೈದ್ಯನ ಲೇಖನಿಯಲ್ಲಿ ಮೂತ್ರಪಿಂಡವೂ ಮೆದುಳೂ ಅಕ್ಕಪಕ್ಕದ ಸಂಪುಟಗಳಾಗಿ ನಿಂತುವು. ಅವೆರಡರ ನಂಟು ಸಂಖ್ಯೆಗಳಲ್ಲಿ ಸ್ಪಷ್ಟವಾಗಲು ಮತ್ತೆ ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಚಮಚದ ಪರೀಕ್ಷೆಗೆ ಸಿಕ್ಕುವಷ್ಟು ಅಲ್ಬುಮಿನ್ ಸೋರುವ ಹೊತ್ತಿಗೆ ಮೂತ್ರಪಿಂಡ ಬಹಳ ಕೆಟ್ಟಿರುತ್ತದೆ. ಅತ್ಯಲ್ಪ ಸೋರಿಕೆಯನ್ನು ಅಳೆಯುವ ವಿಧಾನವನ್ನು 1963ರಲ್ಲಿ ಪ್ರಕಟಿಸಿದವರು ಹ್ಯಾರಿ ಕೀನ್ ಮತ್ತು ಅವರ ಸಹೋದ್ಯೋಗಿ. ಅವರೂ ಅದೇ ಗೈಸ್ ಆಸ್ಪತ್ರೆಯವರೆಂಬುದು ಇತಿಹಾಸದ ಒಂದು ಚೆಂದದ ಕಾಕತಾಳೀಯ. ದಿನಕ್ಕೆ 30ರಿಂದ 300 ಮಿಲಿಗ್ರಾಂವರೆಗಿನ ಸೋರಿಕೆಗೆ ಮೈಕ್ರೋ ಅಲ್ಬುಮಿನ್ ಎಂಬ ಹೆಸರು ರೂಢಿಗೆ ಬಂದಿತು. ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಅಲ್ಬುಮಿನ್ನಿನ ಕಣ ಸಣ್ಣದಾಗಿದೆಯೆಂದು ಇದರ ಅರ್ಥವಲ್ಲ, ಸೋರಿದ ಪ್ರಮಾಣ ಸಣ್ಣದು ಎಂದಷ್ಟೇ.

ಹಾಗಾದರೆ ಸೊಂಟದ ಮೇಲ್ಭಾಗದಲ್ಲಿರುವ ಅಂಗದ ಸೋರಿಕೆಗೂ ತಲೆಯ ನಾಳಕ್ಕೂ ಏನು ಸಂಬಂಧ? ಡೆನ್ಮಾರ್ಕಿನ ಸ್ಟೆನೊ ಸಂಸ್ಥೆಯ ವೈದ್ಯರು 1989ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಮೂತ್ರದ ಅಲ್ಬುಮಿನ್ ಮೂತ್ರಪಿಂಡದ ದೂರು ಮಾತ್ರವಲ್ಲ. ದೇಹದಾದ್ಯಂತ ಸೂಕ್ಷ್ಮ ನಾಳಗಳ ಒಳಪದರ ಸಡಿಲಗೊಂಡಿರುವುದಕ್ಕೆ ಅದು ಸಾಕ್ಷಿ ಎಂಬುದು ಅದರ ಸಾರ. 2009ರಲ್ಲಿ ಜಪಾನಿನ ಇಟೊ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ದೇಹದ ಹೆಚ್ಚಿನ ಕಡೆಗಳಲ್ಲಿ ರಕ್ತನಾಳಗಳು ಮರದಂತೆ ಕವಲೊಡೆಯುತ್ತವೆ. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ಹೀಗೆ ಹಂತಹಂತವಾಗಿ ಒತ್ತಡ ಇಳಿಯುತ್ತದೆ. ಆದರೆ ಮೆದುಳಿನ ತಳಭಾಗದಲ್ಲಿಯೂ ಮೂತ್ರಪಿಂಡದ ಒಳಭಾಗದಲ್ಲಿಯೂ ಕೆಲವು ಅತಿಸಣ್ಣ ನಾಳಗಳು ದೊಡ್ಡ ನಾಳದಿಂದಲೇ ನೇರವಾಗಿ ಹೊರಡುತ್ತವೆ. ಊರಿನ ನೀರಿನ ಟಾಕಿಯಿಂದ ಇಳಿಯುವ ದೊಡ್ಡ ಕೊಳವೆಗೇ ಸಣ್ಣ ನಲ್ಲಿಯನ್ನು ಜೋಡಿಸಿದಂತೆ ಇದು. ಒತ್ತಡ ಏರಿದಾಗ ಮೊದಲು ಹಾನಿಗೊಳ್ಳುವುದು ಅಂಥ ನಲ್ಲಿಯೇ. ವರ್ಷಗಟ್ಟಲೆ ಏರಿದ ರಕ್ತದೊತ್ತಡ ಈ ಎರಡೂ ಕಡೆಯ ನಾಳಗಳನ್ನು ಏಕಕಾಲಕ್ಕೆ ಸವೆಸುತ್ತದೆ. ಒಂದು ಕಡೆಯ ಸವೆತ ಮೂತ್ರದಲ್ಲಿ ಕಾಣುತ್ತದೆ, ಇನ್ನೊಂದು ಕಡೆಯದು ಕಾಣುವುದಿಲ್ಲ. ಮೆದುಳಿನ ಒಳಗಿನ ರಕ್ತಸ್ರಾವಗಳೂ, ಸಣ್ಣ ನಾಳ ಮುಚ್ಚಿ ಆಗುವ ಪಾರ್ಶ್ವವಾಯುವೂ ಹೆಚ್ಚಾಗಿ ಈ ನೇರ ಕವಲುಗಳ ಪ್ರದೇಶದಲ್ಲಿಯೇ ಸಂಭವಿಸುವುದನ್ನು ಗಮನಿಸಿದರೆ ಈ ವಾದಕ್ಕೆ ತೂಕವಿದೆ.

ಲೆಕ್ಕಗಳೂ ಇದನ್ನು ಬೆಂಬಲಿಸುತ್ತವೆ. ಹಲವು ದೇಶಗಳಲ್ಲಿ ವರ್ಷಗಟ್ಟಲೆ ನಡೆಸಿದ 10 ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಒಟ್ಟು 1,40,231 ಜನ. ಅವರಲ್ಲಿ 3,266 ಪಾರ್ಶ್ವವಾಯುಗಳು. ಮೂತ್ರದಲ್ಲಿ ಸಸಾರಜನಕವಿದ್ದವರಿಗೆ ಇಲ್ಲದವರಿಗಿಂತ ಅಪಾಯ ಸುಮಾರು 1.7 ಪಟ್ಟು ಎಂದು ತಿಳಿದುಬಂದಿತು. ಮರುವರ್ಷ ಅತ್ಯಲ್ಪ ಸೋರಿಕೆಯನ್ನೇ ಕುರಿತ 12 ಅಧ್ಯಯನಗಳ ಸಂಕಲನ ಪ್ರಕಟವಾಯಿತು. ಅದರಲ್ಲಿ 48,596 ಜನರಿದ್ದರು. ಅಪಾಯ ಸುಮಾರು 1.9 ಪಟ್ಟು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದವುಗಳ ಪಾಲನ್ನು ಕಳೆದು ನೋಡಿದಾಗಲೂ ನಂಟು ಪೂರ್ಣವಾಗಿ ಅಳಿಯಲಿಲ್ಲ. ಪಟ್ಟು ಎಂಬ ಮಾತು ಕೇಳಿ ಎದೆಗುಂದಬೇಕಾಗಿಲ್ಲ. ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ ಇಪ್ಪತ್ತು ಮಂದಿಗೆ ಲಕ್ವ ಹೊಡೆಯುವ ಒಂದು ಊರನ್ನು ಕಲ್ಪಿಸಿಕೊಂಡರೆ, 1.7 ಪಟ್ಟೆಂದರೆ ಮೂವತ್ತನಾಲ್ಕು ಮಂದಿ. ಉಳಿದ ಒಂಬೈನೂರ ಅರವತ್ತಾರು ಮಂದಿಗೆ ಏನೂ ಆಗುವುದಿಲ್ಲ.

ಇಲ್ಲಿ ತರ್ಕಶಾಸ್ತ್ರದ ಒಂದು ಹಳೆಯ ವಿವೇಚನೆ ಉಪಯೋಗಕ್ಕೆ ಬರುತ್ತದೆ. ಹೇತುಗಳಲ್ಲಿ ಕಾರಕವೆಂದೂ ಜ್ಞಾಪಕವೆಂದೂ ಎರಡು ವಿಧ. ಕುಂಬಾರನ ಕೈಯ ದಂಡ ಮಡಕೆಗೆ ಕಾರಕಹೇತು. ದೂರದ ಬೆಟ್ಟದ ಮೇಲೆ ಕಾಣುವ ಹೊಗೆ ಬೆಂಕಿಗೆ ಜ್ಞಾಪಕಹೇತು. ಹೊಗೆ ಬೆಂಕಿಯನ್ನು ಹೊತ್ತಿಸುವುದಿಲ್ಲ, ತಿಳಿಸುತ್ತದೆ. ಮೂತ್ರದ ಅಲ್ಬುಮಿನ್ ಪಾರ್ಶ್ವವಾಯುವಿಗೆ ಜ್ಞಾಪಕವೆಂಬುದು ಬಹುಮಟ್ಟಿಗೆ ಸಿದ್ಧವಾಗಿದೆ. ಕಾರಕವೂ ಆಗಿದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಜ್ಞಾಪಕವಾದರೂ ಅದು ವ್ಯಭಿಚಾರರಹಿತವಲ್ಲ. ಬೆಂಕಿಯಿಲ್ಲದ ಕಡೆ ಮಂಜು ಹೊಗೆಯಂತೆ ತೋರುವುದುಂಟು; ಕಾಳೀ ಕಣಿವೆಯ ಮಾಗಿಯ ಮುಂಜಾವುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜ್ವರ ಬಂದಾಗ, ಮೂತ್ರನಾಳದ ಸೋಂಕಿನಲ್ಲಿ, ಮೈಮುರಿಯುವ ದುಡಿಮೆಯ ಅಥವಾ ಓಟದ ಮರುದಿನ ಸಸಾರಜನಕ ತಾತ್ಕಾಲಿಕವಾಗಿ ಕಾಣಿಸಿಕೊಳ್ಳುತ್ತದೆ. ಕೆಲವು ಹದಿಹರೆಯದವರಲ್ಲಿ ದಿನವಿಡೀ ನಿಂತಿದ್ದು ಓಡಾಡಿದ ಮೇಲೆ ಬಂದು, ರಾತ್ರಿ ಮಲಗೆದ್ದ ಮೇಲಿನ ಮೂತ್ರದಲ್ಲಿ ಇಲ್ಲವಾಗುತ್ತದೆ. ಅದು ಸಾಮಾನ್ಯವಾಗಿ ನಿರಪಾಯ. ನೊರೆಯೊಂದನ್ನೇ ನಂಬುವುದಂತೂ ಸಲ್ಲದು. ಎತ್ತರದಿಂದ ರಭಸವಾಗಿ ಬಿದ್ದ ಯಾವ ಮೂತ್ರವೂ ನೊರೆಗಟ್ಟುತ್ತದೆ.

ಈ ಜ್ಞಾಪಕಕ್ಕೆ ಬಂಗೂರನಗರ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಇರುವಷ್ಟು ಬೆಲೆ ದೊಡ್ಡ ನಗರಗಳಲ್ಲಿ ಇಲ್ಲವೆಂದರೆ ಅತಿಶಯೋಕ್ತಿಯಾಗದು. ಕಾರಣ ದೂರ. ನಾಳ ಮುಚ್ಚಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದುಂಟು. ಅದನ್ನು ರೋಗ ತೋರಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಲೇಬೇಕು. ಏಕೆಂದರೆ ನಾಳ ಒಡೆದು ಆದ ಪಾರ್ಶ್ವವಾಯುವಿನಲ್ಲಿ ಅದೇ ಚುಚ್ಚುಮದ್ದು ಪ್ರಾಣಕ್ಕೆ ಮುಳುವು. ದೊಡ್ಡ ನಾಳದ ಹೆಪ್ಪನ್ನು ತಂತಿಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುವರು. ಅದು ದೊಡ್ಡ ಆಸ್ಪತ್ರೆಗಳ ಮಾತು. ದಾಂಡೇಲಿಯಿಂದ ಧಾರವಾಡ ಸುಮಾರು 55 ಕಿಲೋಮೀಟರು, ಹುಬ್ಬಳ್ಳಿ ಸುಮಾರು 75. ಇದು ಪಟ್ಟಣದವರ ಲೆಕ್ಕ. ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋದವರಿಗೆ ಅದರಾಚೆಯ ದಾರಿ ಎಂಥದೆಂಬುದು ಗೊತ್ತು. ಜೋಯಿಡಾ ತಾಲೂಕಿನ ಒಳಗಣ ವಾಡೆಯೊಂದರಲ್ಲಿ, ಮಳೆಗಾಲದ ರಾತ್ರಿ ಒಬ್ಬನಿಗೆ ಲಕ್ವ ಹೊಡೆದರೆ, 108ಕ್ಕೆ ಕರೆಮಾಡಲು ಮೊಬೈಲಿಗೆ ಸಂಕೇತ ಸಿಗುವ ದಿಬ್ಬವನ್ನು ಹುಡುಕಬೇಕು, ಹಳ್ಳ ದಾಟಬೇಕು, ಕಾಡಿನ ರಸ್ತೆ ಮುಗಿಯಬೇಕು. ನಾಲ್ಕೂವರೆ ಗಂಟೆ ದಾರಿಯಲ್ಲಿಯೇ ಕಳೆದುಹೋಗಬಹುದು. ಹಾಗೆಂದು ಲಕ್ಷಣ ಕಂಡಾಗ ತಡಮಾಡಬಾರದು, ನಾಟಿ ಔಷಧಿಯ ಮನೆಗೆ ಮೊದಲು ಒಯ್ಯಬಾರದು. ನೇರವಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಬೇಕು. ಆದರೆ ಹೊಡೆದ ಮೇಲಿನ ಚಿಕಿತ್ಸೆ ಕೈಗೆಟುಕುವುದು ಕಷ್ಟವಾದ ನಾಡಿನಲ್ಲಿ, ಹೊಡೆಯುವುದಕ್ಕೆ ಹತ್ತು ವರ್ಷ ಮೊದಲೇ ಓದಿಕೊಳ್ಳಬಹುದಾದ ಗುರುತು ಯಾವುದಿದ್ದರೂ ಅದನ್ನು ಓದದೆ ಬಿಡುವುದು ನಷ್ಟ.

ಓದುವ ವಿಧಾನ ಸುಲಭ. ಬಣ್ಣ ಬದಲಿಸುವ ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದುವುದು ಒಂದು. ಹಳದಿ ಹಸುರಾದರೆ ಅಲ್ಬುಮಿನ್ ಇದೆಯೆಂದು ಅರ್ಥ. ಅಗ್ಗದ ಪರೀಕ್ಷೆ, ಆದರೆ ಅತ್ಯಲ್ಪ ಸೋರಿಕೆಗೆ ಅದು ಕುರುಡು. ಹೆಚ್ಚು ನೀರು ಕುಡಿದವನ ತೆಳು ಮೂತ್ರದಲ್ಲಿ ಇದ್ದುದನ್ನೂ ಇಲ್ಲವೆನ್ನಬಹುದು. ಆದುದರಿಂದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತವನ್ನು ಅಳೆಯುವ ಪರೀಕ್ಷೆ ಲೇಸು. ಕ್ರಿಯಾಟಿನಿನ್ ಸ್ನಾಯುಗಳಿಂದ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಹುಟ್ಟಿ ಮೂತ್ರಕ್ಕೆ ಬರುವ ವಸ್ತು. ಅದರೊಡನೆ ಹೋಲಿಸಿದರೆ ಮೂತ್ರ ತೆಳುವಾಗಲಿ ಗಟ್ಟಿಯಾಗಲಿ ಲೆಕ್ಕ ತಪ್ಪುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸಹಜ. 30ರಿಂದ 300ರವರೆಗೆ ಎಚ್ಚರಿಕೆ. 300ಕ್ಕೆ ಮೀರಿದರೆ ತಡವಿಲ್ಲದೆ ತಜ್ಞರನ್ನು ಕಾಣಬೇಕು. ಬೆಳಗಿನ ಮೊದಲ ಮೂತ್ರ ಉತ್ತಮ. ಒಮ್ಮೆ ಹೆಚ್ಚು ಬಂದಿತೆಂದು ತೀರ್ಮಾನಕ್ಕೆ ಬರಬಾರದು. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ಅದು ನಿಜವಾದ ಸೋರಿಕೆ. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳುವುದು ವಾಡಿಕೆಯಾಗಬೇಕು. ಮನೆತನದಲ್ಲಿ ಮೂತ್ರಪಿಂಡದ ರೋಗವಿದ್ದವರಿಗೂ ಇದು ಅನ್ವಯಿಸುತ್ತದೆ.

ಸೋರಿಕೆ ಖಚಿತವಾದ ಮೇಲೆ ಮಾಡಬೇಕಾದುದರಲ್ಲಿ ಹೊಸದೇನೂ ಇಲ್ಲ. ಮಾಡದೆ ಮುಂದೂಡಿದ ಹಳೆಯವೇ ಎಲ್ಲ. ರಕ್ತದೊತ್ತಡವನ್ನು ಹತೋಟಿಗೆ ತರುವುದು ಎಲ್ಲಕ್ಕಿಂತ ದೊಡ್ಡದು. ಈ ಕೆಲಸಕ್ಕೆ ಬಳಸುವ ಔಷಧಿಗಳಲ್ಲಿ ಎನಲಾಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದವು ಒತ್ತಡವನ್ನು ಇಳಿಸುವುದರೊಡನೆ ಮೂತ್ರಪಿಂಡದ ಜಾಲರಿಯ ಮೇಲಿನ ಭಾರವನ್ನೂ ತಗ್ಗಿಸಿ ಸೋರಿಕೆಯನ್ನು ಕಡಿಮೆಮಾಡುತ್ತವೆ. ಹೃದಯದ ಗೋಡೆ ದಪ್ಪಗಾದ ರಕ್ತದೊತ್ತಡದ 9,193 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲೋಸಾರ್ಟನ್ ಪಡೆದವರಿಗೆ ಅಟೆನೊಲಾಲ್ ಎಂಬ ಬೇರೆ ಔಷಧಿ ಪಡೆದವರಿಗಿಂತ ಪಾರ್ಶ್ವವಾಯು ನೂರಕ್ಕೆ ಇಪ್ಪತ್ತೈದರಷ್ಟು ಕಡಿಮೆಯಾಯಿತು. ಆ ರೋಗಿಗಳಲ್ಲಿ ಮೂತ್ರದ ಅಲ್ಬುಮಿನ್ ಇಳಿದವರಿಗೆ ಹೃದಯ ಮತ್ತು ನಾಳಗಳ ಅವಘಡಗಳೂ ಕಡಿಮೆ ಇದ್ದುವೆಂದು ಬಳಿಕದ ಪರಿಶೀಲನೆ ತೋರಿಸಿತು. ಈ ಔಷಧಿಗಳನ್ನು ಗರ್ಭಿಣಿಯರು ಸೇವಿಸಲಾಗದು. ಯಾರೇ ಆಗಲಿ ವೈದ್ಯರ ಮಾತಿಲ್ಲದೆ ಆರಂಭಿಸುವುದೂ ನಿಲ್ಲಿಸುವುದೂ ತಪ್ಪು. ಒತ್ತಡ ಸರಿಹೋಯಿತೆಂದು ಗುಳಿಗೆಯನ್ನು ಬಿಡುವುದು ಈ ಕಡೆ ಬಹುವಾಗಿ ಕಂಡುಬರುವ ಅಭ್ಯಾಸ. ಒತ್ತಡ ಸರಿಯಾಗಿರುವುದು ಗುಳಿಗೆಯಿಂದಲೇ ಎಂಬುದು ಮರೆತುಹೋಗುತ್ತದೆ.

ಉಪ್ಪಿನ ಮಾತು ಬಂದಾಗ ಎಲ್ಲರೂ ತಲೆಯಾಡಿಸಿ ಊಟಕ್ಕೆ ಕುಳಿತಾಗ ಮರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಘಟ್ಟದ ಕೆಳಗಿನಿಂದ ಸಂತೆಗೆ ಬರುವ ಒಣಮೀನು, ಮುಂಡಗೋಡಿನ ಟಿಬೆಟನ್ ವಸತಿಯಲ್ಲಿ ಬೆಣ್ಣೆಯೊಡನೆ ಉಪ್ಪು ಬೆರೆಸಿ ಕಡೆಯುವ ಚಹಾ, ಇವು ಯಾವುವೂ ಅಡಿಗೆಯ ಉಪ್ಪಿನ ಲೆಕ್ಕಕ್ಕೆ ಸೇರದೆ ಹೊಟ್ಟೆಗೆ ಸೇರುವಂಥವು. ತಂಬಾಕು, ಬೀಡಿಯಾಗಲಿ ಎಲೆಯಡಿಕೆಯೊಡನೆಯಾಗಲಿ, ನಾಳಗಳಿಗೆ ನೇರ ವೈರಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವುನಿವಾರಕ ಗುಳಿಗೆಗಳೂ, ಒಳಗಿರುವುದೇನೆಂದು ಹೇಳದೆ ಮಾರುವ ಭಸ್ಮಗಳೂ ಮೂತ್ರಪಿಂಡವನ್ನು ಕೆಡಿಸಬಲ್ಲವು. ಶಾಸ್ತ್ರೋಕ್ತ ವೈದ್ಯರು ಭಸ್ಮವನ್ನು ಹೀಗೆ ಸಂತೆಯಲ್ಲಿ ಮಾರುತ್ತಿರಲಿಲ್ಲ.

ಕೊನೆಯದಾಗಿ ತಾಯಂದಿರ ವಿಷಯ. ಮೂತ್ರದ ಅಲ್ಬುಮಿನ್ ಪರೀಕ್ಷೆ ಈ ಸೀಮೆಯ ಹಳ್ಳಿಹಳ್ಳಿಗೂ ತಲುಪಿರುವುದು ಗರ್ಭಿಣಿಯರ ಮೂಲಕವೇ. ಗರ್ಭದ 20 ವಾರಗಳ ಬಳಿಕ ರಕ್ತದೊತ್ತಡ ಏರಿ, ಅದರೊಡನೆ ಮೂತ್ರದಲ್ಲಿ ಸಸಾರಜನಕ ಕಾಣಿಸಿದರೆ ತಾಯಿಗೂ ಕೂಸಿಗೂ ಅಪಾಯವೆಂದು ದಾದಿಯರು ಬಲ್ಲರು. ತಾಯಿ ಕಾರ್ಡಿನಲ್ಲಿ ಬರೆದೂ ಇಡುತ್ತಾರೆ. ಹೆರಿಗೆಯಾದ ಮೇಲೆ ಒತ್ತಡ ಇಳಿಯುತ್ತದೆ, ಮೂತ್ರ ತಿಳಿಯಾಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಹಾಗೆ ಆಗಿದ್ದ ಹೆಣ್ಣುಮಗಳಿಗೆ ಮುಂದಿನ ದಶಕಗಳಲ್ಲಿ ರಕ್ತದೊತ್ತಡವೂ ಪಾರ್ಶ್ವವಾಯುವೂ ಬರುವ ಸಂಭವ ಇತರರಿಗಿಂತ ಹೆಚ್ಚೆಂಬುದು ಈಗ ತಿಳಿದ ವಿಷಯ. ಮಗು ಶಾಲೆಗೆ ಸೇರುವ ಹೊತ್ತಿಗೆ ಆ ಕಾರ್ಡು ಪೆಟ್ಟಿಗೆಯ ತಳ ಸೇರಿರುತ್ತದೆ. ಅದನ್ನು ಎಸೆಯದೆ ಇಟ್ಟುಕೊಂಡು, ನಲವತ್ತರ ನಂತರ ವೈದ್ಯರಲ್ಲಿಗೆ ಹೋದಾಗ ತೋರಿಸಿದರೆ, ಅದರಲ್ಲಿಯ ಒಂದು ಸಾಲು ಅವರಿಗೆ ಬೇಕಾದ ಮಾತನ್ನು ಹೇಳುತ್ತದೆ.